ಮಾಡಿದವರೇ ಪಾಸ್ ಮಾಡದ ಹಾಗೆ: ಟಾಸ್ಕ್ ರಿವ್ಯೂಗೆ ಟ್ರೆಲ್ಲೊ, ಗಿಟ್‌ಹಬ್, ರೆಡ್‌ಮೈನ್, ಜಿರಾ, ಯಾವುದು ಯಾರಿಗೆ?

ಈ ಮಳೆಗಾಲದಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ಮಂಗಳೂರಿನ ಬಿಜೈಯ ಒಂದು ಆಫೀಸಿನಲ್ಲಿ 8 ಜನ, ಎಲ್ಲರೂ ಕೋಡ್ ಬರೆಯುವವರು. ಮಣಿಪಾಲದ ಇನ್ನೊಂದು ಆಫೀಸಿನಲ್ಲಿ 25 ಜನ. ಅಲ್ಲಿ ಕೋಡ್, ಟೆಸ್ಟಿಂಗ್, ಡಿಸೈನ್, ಸಪೋರ್ಟ್ ಎಲ್ಲವೂ ಉಂಟು. ಮೂರನೆಯದು ಉಡುಪಿಯ 4 ಜನರ ಡಿಸೈನ್ ಸ್ಟುಡಿಯೋ. ಅವರದ್ದು ಪೋಸ್ಟರ್, ಮದುವೆ ಕಾಗದ, ಸಣ್ಣ ವೆಬ್‌ಸೈಟ್ ಕೆಲಸ. ಮೂವರಿಗೂ ಬೇಕಾದದ್ದು ಇಷ್ಟೇ: ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡಿ ಸರಿ ಅಂದ ಮೇಲೆಯೇ ಟಾಸ್ಕ್ ಮುಗಿಯಬೇಕು. ಇದಕ್ಕೆ ಟ್ರೆಲ್ಲೊ ಸಾಕಾ, ಗಿಟ್‌ಹಬ್ ಸಾಕಾ, ರೆಡ್‌ಮೈನ್ ಹಾಕಬೇಕಾ, ಜಿರಾಕ್ಕೆ ದುಡ್ಡು ಕೊಡಬೇಕಾ? (ಗಿಟ್‌ಹಬ್ ಕೋಡ್ ಇಡುವ ಜಾಗ, ಉಳಿದ ಮೂರು ಟಾಸ್ಕಿನ ಲೆಕ್ಕ ಇಡುವ ಸಾಫ್ಟ್‌ವೇರ್.)

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಆಫೀಸು ಈ ಮೂರರಲ್ಲಿ ಯಾವುದಕ್ಕೆ ಹತ್ತಿರ ಅಂತ ನೋಡಿಕೊಳ್ಳಿ.

ನಮ್ಮ ಕಡೆಯವರಿಗೆ ಈ ವಿಷಯ ಹೊಸತಲ್ಲ. ಕೆನರಾ ಮತ್ತು ಕಾರ್ಪೊರೇಶನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಹೀಗೆ ಐದು ಬ್ಯಾಂಕು ಹುಟ್ಟಿದ್ದು ಮಂಗಳೂರು, ಉಡುಪಿಯಲ್ಲೇ. ನನ್ನ ದೊಡ್ಡಪ್ಪನೂ ಬ್ಯಾಂಕಿನಲ್ಲಿ ಇದ್ದವರು. ಕ್ಲರ್ಕ್ ವೋಚರನ್ನು ಲೆಡ್ಜರಿಗೆ ಹತ್ತಿಸುತ್ತಿದ್ದರು. ದೊಡ್ಡಪ್ಪ ಸಹಿಯನ್ನು ಸ್ಪೆಸಿಮೆನ್ ಕಾರ್ಡಿನ ಪಕ್ಕ ಇಟ್ಟು ನೋಡುತ್ತಿದ್ದರು. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯಾ ಅಂತ ನೋಡುತ್ತಿದ್ದರು. ಆಮೇಲೆ ಇನಿಶಿಯಲ್. ಅದು ಬೀಳದೆ ದುಡ್ಡು ಕೌಂಟರ್ ದಾಟುತ್ತಿರಲಿಲ್ಲ. ನೀವೇ ಬರೆದ ವೋಚರಾದರೆ ಏನು ಮಾಡುತ್ತಿದ್ದಿರಿ ಅಂತ ಒಮ್ಮೆ ಕೇಳಿದ್ದೆ. ‘ಪಕ್ಕದ ಟೇಬಲಿನವರಿಗೆ ಕೊಡ್ಬೇಕು ಮಗಾ. ನಾನೇ ಬರೆದದ್ದನ್ನು ನಾನೇ ಪಾಸ್ ಮಾಡುವ ಹಾಗಿಲ್ಲ’ ಅಂದರು. ಬ್ಯಾಂಕಿನವರು ಇದಕ್ಕೆ ಮೇಕರ್-ಚೆಕರ್ ಅನ್ನುತ್ತಾರೆ.

ಇದನ್ನು ಕೇಳಿಯೂ ನಾನು ತಪ್ಪಿದೆ. ಒಂದು ಐಸ್ ಪ್ಲಾಂಟಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಟ್ರಾಲ್ ಬೋಟುಗಳಿಗೆ ನಿಷೇಧ. ಆ ಬಿಡುವಿನಲ್ಲಿ ಹೊಸ ದರ ಹಾಕುವುದು ನನ್ನ ಟಾಸ್ಕ್. ಹಾಕಿದೆ, ನಾನೇ ನೋಡಿದೆ, ನಾನೇ ‘ಮುಗಿಯಿತು’ ಕಾಲಮ್ಮಿಗೆ ಎಳೆದೆ. ಸೀಸನ್ ಶುರುವಾಗಿ ಬೋಟುಗಳು ಐಸ್ ತುಂಬಿಸಿಕೊಳ್ಳುವ ಹೊತ್ತಿಗೆ, ಬೋಟು ನಿಲ್ಲುವ ದಕ್ಕೆಯಿಂದ ಫೋನ್ ಬಂತು. ‘ಎಂಥ ಮಾರಾಯ್ರೆ, ಬ್ಲಾಕಿಗೆ ಹೊಸ ರೇಟ್ ಬರ್ತದೆ, ಪುಡಿ ಐಸಿಗೆ ಹಳೇ ರೇಟೇ ಉಂಟಲ್ಲ?’ ದರ ಎರಡು ಕಡೆ ಇತ್ತು, ನಾನು ಒಂದೇ ಕಡೆ ಬದಲಾಯಿಸಿದ್ದೆ. ಬೇರೆ ಯಾರಾದರೂ ಎರಡು ಸ್ಯಾಂಪಲ್ ಬಿಲ್ ತೆಗೆದು ನೋಡಿದ್ದರೆ ಸಿಕ್ಕಿಬಿಡುತ್ತಿತ್ತು. ಆ ದಿನದ ಬಿಲ್ಲುಗಳನ್ನೆಲ್ಲ ಕೂತು ಕೈಯಲ್ಲಿ ತಿದ್ದಿದೆವು.

ಮೊದಲು ಏನೇನು ನೋಡಬೇಕು

ಅಂದಿನಿಂದ ಯಾವ ಸಾಫ್ಟ್‌ವೇರ್ ನೋಡಿದರೂ ನನ್ನ ಮೊದಲ ಪ್ರಶ್ನೆ ಇದೇ: ಕೆಲಸ ಮಾಡಿದವರೇ ಅದನ್ನು ಪಾಸ್ ಮಾಡಲು ಹೋದರೆ ಇದು ತಡೆಯುತ್ತಾ, ಇಲ್ಲ ಸುಮ್ನೆ ಬರೆದಿಟ್ಟುಕೊಳ್ಳುತ್ತಾ? ತಡೆಯುವುದು ಬೇರೆ, ದಾಖಲೆ ಇಡುವುದು ಬೇರೆ. ಎರಡಕ್ಕೂ ಬೆಲೆ ಉಂಟು. 4 ಜನ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವಲ್ಲಿ ದಾಖಲೆ ಇದ್ದರೆ ಸಾಕು. 25 ಜನ ಇರುವಲ್ಲಿ ಅದು ಸಾಕಾಗುವುದಿಲ್ಲ.

ಎರಡನೆಯದು, ವಾಪಸ್ ದಾರಿ. ಸರಿ ಇಲ್ಲ ಅಂದರೆ ಟಾಸ್ಕ್ ಎಲ್ಲಿಗೆ ಹೋಗುತ್ತೆ, ಕಾರಣ ಎಲ್ಲಿ ಬರೆಯುತ್ತಾರೆ? ಅಪ್ರೂವಲ್ ಇಡುವವರು ಮುಂದೆ ಹೋಗುವ ದಾರಿಯನ್ನು ಚೆನ್ನಾಗಿ ಮಾಡುತ್ತಾರೆ, ಹಿಂದೆ ಬರುವ ದಾರಿಯನ್ನು ಮರೆಯುತ್ತಾರೆ. ಆಮೇಲೆ ಕಾರಣ ಎಲ್ಲ ವಾಟ್ಸಾಪಿನಲ್ಲಿ ಸೇರಿಕೊಳ್ಳುತ್ತೆ.

ಮೂರನೆಯದು, ಪಾಸ್ ಆದ ಮೇಲೆ ಕೆಲಸ ಬದಲಾದರೆ ಏನಾಗುತ್ತೆ? ಪಾಸ್ ಆದ ಚೆಕ್ಕಿನಲ್ಲಿ ಮೊತ್ತ ತಿದ್ದಿದರೆ ಹಳೇ ಇನಿಶಿಯಲ್ ನಡೆಯುವುದಿಲ್ಲ ಅಲ್ವಾ? ಇಲ್ಲೂ ಹಾಗೆಯೇ ಆಗಬೇಕು.

ಇನ್ನು ಪಾಸ್ ಮಾಡುವವರು ಕೋಲಕ್ಕೋ ಮದುವೆಗೋ ರಜೆ ಹಾಕಿ ಊರಿಗೆ ಹೋದರೆ ಕೆಲಸ ನಿಲ್ಲಬಾರದು. ಎಲ್ಲೇ ಆಗಲಿ ಪಾಸ್ ಮಾಡಬಲ್ಲವರು ಇಬ್ಬರಾದರೂ ಇರಲಿ. ಖರ್ಚು ಮತ್ತು ನೋಡಿಕೊಳ್ಳುವ ಕೈ, ಇವೆರಡನ್ನು ಆಯಾ ಸಾಫ್ಟ್‌ವೇರಿನ ಜೊತೆಗೇ ಹೇಳುತ್ತೇನೆ.

ಒಂದು ವಿಷಯ ಮಾತ್ರ ಈಗಲೇ ತೀರ್ಮಾನ ಮಾಡಿ. ಟಾಸ್ಕ್ ರಿವ್ಯೂಗೆ ಹೋದಾಗ ಅದರ ಮೇಲೆ ಯಾರ ಹೆಸರು ಇರಬೇಕು? ತುಂಬಾ ಕಡೆ ಅಸೈನೀಯನ್ನೇ, ಅಂದರೆ ಟಾಸ್ಕ್ ಯಾರಿಗೆ ವಹಿಸಿದೆಯೋ ಅವರ ಹೆಸರನ್ನೇ, ಬದಲಾಯಿಸಿ ರಿವ್ಯೂ ಮಾಡುವವರ ಹೆಸರು ಹಾಕುತ್ತಾರೆ. ಆಗ ಕೆಲಸ ಯಾರು ಮಾಡಿದ್ದು ಅನ್ನುವುದು ಹಿಸ್ಟರಿಯಲ್ಲಿ ಹೂತುಹೋಗುತ್ತೆ. ಮಾಡಿದವರೇ ಪಾಸ್ ಮಾಡಬಾರದು ಅಂತ ಸಾಫ್ಟ್‌ವೇರಿಗೆ ಹೇಳಬೇಕಾದರೆ ಮಾಡಿದವರು ಯಾರು ಅಂತ ಅದಕ್ಕೆ ಗೊತ್ತಿರಬೇಕು. ಅಸೈನೀ ಹಾಗೇ ಇರಲಿ, ರಿವ್ಯೂವರ್ ಅಂತ ಇನ್ನೊಂದು ಫೀಲ್ಡ್ ಮಾಡಿ. ಇದೊಂದನ್ನು ಮಾಡಿದರೆ ಮುಂದೆ ಸಾಫ್ಟ್‌ವೇರ್ ಬದಲಾಯಿಸಿದರೂ ಕಷ್ಟ ಆಗುವುದಿಲ್ಲ.

ಟ್ರೆಲ್ಲೊ: 4 ಜನರ ಸ್ಟುಡಿಯೋಗೆ

ಟ್ರೆಲ್ಲೊದ ಬೋರ್ಡಿನಲ್ಲಿ ಒಂದೊಂದು ಟಾಸ್ಕಿಗೆ ಒಂದೊಂದು ಕಾರ್ಡ್, ಹಂತಕ್ಕೊಂದು ಲಿಸ್ಟ್. ಅಲ್ಲಿ ತಡೆ ಇಲ್ಲ. ಬೋರ್ಡಿನ ಸದಸ್ಯರು ಯಾರು ಬೇಕಾದರೂ ಕಾರ್ಡನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು. ಆದರೆ ಯಾರು, ಯಾವಾಗ, ಯಾವ ಲಿಸ್ಟಿನಿಂದ ಯಾವುದಕ್ಕೆ ಸರಿಸಿದರು ಅನ್ನುವುದು ಕಾರ್ಡಿನ ಆ್ಯಕ್ಟಿವಿಟಿಯಲ್ಲಿ ಕೂರುತ್ತೆ. ಅಂದರೆ ದಾಖಲೆ ಇದೆ. ಬಟ್ಲರ್ ಆಟೊಮೇಶನ್ (ತಾನಾಗಿ ನಡೆಯುವ ನಿಯಮ) ಇಟ್ಟು, ಸಲ್ಲದವರು ಸರಿಸಿದ ಕಾರ್ಡನ್ನು ಹಿಂದಕ್ಕೆ ತರಬಹುದು. ಅದು ಆದ ಮೇಲೆ ತಿದ್ದುವುದೇ ಹೊರತು ಆಗದ ಹಾಗೆ ತಡೆಯುವುದಲ್ಲ.

ಉಡುಪಿಯ ಸ್ಟುಡಿಯೋಗೆ ನಾನು ಇದನ್ನೇ ಹೇಳಿದೆ. 10 ಜನರ ತನಕ ಉಚಿತ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ನಾಲ್ಕು ಲಿಸ್ಟ್ ಸಾಕು: ಮಾಡ್ತಾ ಇದೆ, ನೋಡಬೇಕು, ವಾಪಸ್, ಪ್ರಿಂಟಿಗೆ. ಅವರ ನಿಜವಾದ ಬಲ ಬೇರೆ ಕಡೆ ಇದೆ, ಕಾರ್ಡಿನ ಒಳಗಿನ ಚೆಕ್‌ಲಿಸ್ಟಿನಲ್ಲಿ. ಮದುವೆ ಕಾಗದಕ್ಕೆ ನಾವು ಕೂತು ಬರೆದದ್ದು ಹೀಗಿದೆ: ತಾರೀಕು ಮತ್ತು ವಾರ ತಾಳೆ ಆಗುತ್ತಾ, ಕ್ಯಾಲೆಂಡರ್ ತೆಗೆದು ನೋಡಿ. ಮುಹೂರ್ತದ ಸಮಯ ಮನೆಯವರು ಕಳಿಸಿದ ಚೀಟಿಯಲ್ಲಿ ಇದ್ದ ಹಾಗೇ ಇದೆಯಾ? ಹೆಸರಿನಲ್ಲಿ ಒತ್ತಕ್ಷರ ಬಿಟ್ಟಿದೆಯಾ? ಹಾಲ್‌ನ ಹೆಸರು, ಊರು ಸರಿಯಾ? ಈ ನಾಲ್ಕಕ್ಕೂ ಟಿಕ್ ಬೀಳದೆ ಕಾರ್ಡ್ ಪ್ರಿಂಟಿಗೆ ಹೋಗಬಾರದು, ಟಿಕ್ ಹಾಕುವವರು ಡಿಸೈನ್ ಮಾಡಿದವರಾಗಿರಬಾರದು. ಇದು ಮಾತಿನ ಮೇಲೆ ನಡೆಯುವ ನಿಯಮ. ನಾಲ್ಕೇ ಜನ, ಎದುರುಬದುರು ಕೂರುತ್ತಾರೆ, ನಡೆಯುತ್ತೆ. ತಿದ್ದಿದ ಫೈಲನ್ನು ಹಳೇ ಹೆಸರಿನಲ್ಲಿ ಹಾಕಬೇಡಿ. ಕೊನೆಗೆ 1, 2, 3 ಅಂತ ಸೇರಿಸಿ, ಯಾವ ಸಂಖ್ಯೆ ಪಾಸ್ ಆಯಿತು ಅಂತ ಕಾಮೆಂಟಿನಲ್ಲಿ ಬರೆಯಿರಿ.

8, 10 ಜನ ದಾಟಿದ ಮೇಲೆ ಟ್ರೆಲ್ಲೊದಲ್ಲಿ ಅಪ್ರೂವಲ್ ಇಡಲು ನಾನು ಹೇಳುವುದಿಲ್ಲ.

ಗಿಟ್‌ಹಬ್, ಗಿಟ್‌ಲ್ಯಾಬ್: ಕೆಲಸ ಎಲ್ಲ ಕೋಡೇ ಆದರೆ

ಬಿಜೈಯ 8 ಜನರ ಕೆಲಸ ಎಲ್ಲ ಕೋಡಿನಲ್ಲೇ ಇದೆ. ಅಂಥವರು ಟಾಸ್ಕಿಗೆ ಬೀಗ ಹಾಕುವುದಕ್ಕಿಂತ ಕೋಡಿಗೆ ಹಾಕಿದರೆ ಒಳ್ಳೆಯದು. ಗಿಟ್‌ಹಬ್‌ನಲ್ಲಿ ಮೇನ್ ಬ್ರಾಂಚಿಗೆ (ಕೋಡಿನ ಮುಖ್ಯ ಪ್ರತಿಗೆ) ಪ್ರೊಟೆಕ್ಷನ್ ಹಾಕಿ, ರಿವ್ಯೂ ಇಲ್ಲದೆ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಮರ್ಜ್ ಆಗಬಾರದು, ಅಂದರೆ ಮುಖ್ಯ ಪ್ರತಿಗೆ ಸೇರಬಾರದು ಅಂತ ಹೇಳಬಹುದು. ಎಷ್ಟು ಜನ ಅಪ್ರೂವ್ ಮಾಡಬೇಕು ಅನ್ನುವುದನ್ನು 1ರಿಂದ 6ರ ತನಕ ಇಡಬಹುದು. ಸಣ್ಣ ಆಫೀಸಿಗೆ 1 ಸಾಕು. 2 ಇಟ್ಟಲ್ಲಿ ಇನ್ನೊಬ್ಬರು ನೋಡ್ತಾರೆ ಅಂತ ಇಬ್ಬರೂ ಸರಿಯಾಗಿ ನೋಡದಿರುವುದನ್ನು ಕಂಡಿದ್ದೇನೆ. ಪುಲ್ ರಿಕ್ವೆಸ್ಟ್ ತೆರೆದವರು ಅದನ್ನು ತಾವೇ ಅಪ್ರೂವ್ ಮಾಡಲು ಗಿಟ್‌ಹಬ್ ಬಿಡುವುದೇ ಇಲ್ಲ. ದೊಡ್ಡಪ್ಪನ ನಿಯಮ ಅದರೊಳಗೇ ಇದೆ.

ಎರಡು ಟಿಕ್ ಮರೆಯಬೇಡಿ. ಒಂದು, ಹೊಸ ಕಮಿಟ್ (ಕೋಡಿನ ಬದಲಾವಣೆ) ಬಂದರೆ ಹಳೇ ಅಪ್ರೂವಲ್ ರದ್ದಾಗುವ ಆಯ್ಕೆ. ಚೆಕ್ಕಿನ ಮೊತ್ತ ತಿದ್ದಿದರೆ ಹೊಸ ಇನಿಶಿಯಲ್ ಬೇಕು ಅಂದೆನಲ್ಲ, ಅದೇ ಇದು. ಇನ್ನೊಂದು, ಅಡ್ಮಿನ್‌ಗಳೂ ಈ ನಿಯಮ ದಾಟಬಾರದು ಅನ್ನುವ ಆಯ್ಕೆ. ಇದನ್ನು ಹಾಕದಿದ್ದರೆ ಅಡ್ಮಿನ್ ಇರುವವರು ರಿವ್ಯೂ ಇಲ್ಲದೆಯೇ ಮರ್ಜ್ ಮಾಡಬಹುದು. ಸಣ್ಣ ಆಫೀಸಿನಲ್ಲಿ ಅರ್ಧ ಜನ ಅಡ್ಮಿನ್‌ಗಳೇ ಇರುತ್ತಾರೆ. ಅವಸರದ ದಿನ ತಪ್ಪು ನುಸುಳುವುದು ಅಲ್ಲಿಂದಲೇ.

ಖರ್ಚಿನ ವಿಷಯದಲ್ಲಿ ಒಂದು ಎಚ್ಚರ. ಉಚಿತ ಪ್ಲಾನಿನಲ್ಲಿ ಬ್ರಾಂಚ್ ಪ್ರೊಟೆಕ್ಷನ್ ಇರುವುದು ಪಬ್ಲಿಕ್ ರೆಪೊಗಳಿಗೆ (ಯಾರು ಬೇಕಾದರೂ ನೋಡಬಹುದಾದ ಕೋಡಿನ ಸಂಗ್ರಹಗಳಿಗೆ) ಮಾತ್ರ. ಆಫೀಸಿನ ಕೋಡ್ ಪ್ರೈವೇಟ್ ಇರುತ್ತೆ. ಅದಕ್ಕೆ ಟೀಮ್ ಪ್ಲಾನ್ ಬೇಕು. 2020ರಲ್ಲಿ ಅದರ ದರವನ್ನು 9 ಡಾಲರಿನಿಂದ 4 ಡಾಲರಿಗೆ ಇಳಿಸಿದರು, ಒಬ್ಬರಿಗೆ ತಿಂಗಳಿಗೆ. ಆ ಲೆಕ್ಕದಲ್ಲಿ 8 ಜನರಿಗೆ 32 ಡಾಲರ್. ಐಸ್ ಪ್ಲಾಂಟಿನಂಥ ಒಂದು ತಪ್ಪು ತಿದ್ದಲು ಹೋಗುವ ಸಮಯದ ಎದುರು ಇದು ಜಾಸ್ತಿ ಅಲ್ಲ ಅಂತ ನನ್ನ ಅನಿಸಿಕೆ.

ಟಾಸ್ಕಿಗೂ ಕೋಡಿಗೂ ಗಂಟು ಹಾಕುವುದು ಸುಲಭ. ಪುಲ್ ರಿಕ್ವೆಸ್ಟಿನ ವಿವರಣೆಯಲ್ಲಿ ‘ಫಿಕ್ಸಸ್’ ಅಂತ ಇಂಗ್ಲಿಷಿನಲ್ಲಿ ಬರೆದು ಇಶ್ಯೂ (ಗಿಟ್‌ಹಬ್‌ನಲ್ಲಿ ಟಾಸ್ಕಿಗೆ ಇರುವ ಹೆಸರು) ನಂಬರ್ ಹಾಕಿದರೆ, ಡಿಫಾಲ್ಟ್ ಬ್ರಾಂಚಿಗೆ ಮರ್ಜ್ ಆದ ಕೂಡಲೇ ಇಶ್ಯೂ ತಾನಾಗಿ ಮುಚ್ಚುತ್ತೆ. ಆದರೆ ಇಶ್ಯೂವನ್ನು ಕೈಯಲ್ಲಿ ಮುಚ್ಚುವುದನ್ನು ಇದು ತಡೆಯುವುದಿಲ್ಲ. ಬೀಗ ಇರುವುದು ಕೋಡಿಗೆ, ಇಶ್ಯೂಗೆ ಅಲ್ಲ. ಮುಚ್ಚಿದ ಇಶ್ಯೂ ಎಂದರೆ ಪಾಸ್ ಆದ ಕೆಲಸ ಅಂತ ಗ್ರಾಹಕರಿಗೆ ವರದಿ ಕೊಡುವವರು ಇದನ್ನು ನೆನಪಿಡಿ.

ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬ್ ಬಳಸುವವರಿಗೆ: ಉಚಿತ ಆವೃತ್ತಿಯಲ್ಲಿ ಅಪ್ರೂವ್ ಬಟನ್ ಇದೆ, ಆದರೆ ಅದನ್ನು ಒತ್ತದಿದ್ದರೂ ಮರ್ಜ್ ಆಗುತ್ತೆ. ಕಡ್ಡಾಯ ಮಾಡಬೇಕಾದರೆ ಪ್ರೀಮಿಯಮ್. ದುಡ್ಡು ಕೊಡದೆ ಹತ್ತಿರ ಬರುವ ದಾರಿ ಒಂದಿದೆ. ಮೇನ್ ಬ್ರಾಂಚಿಗೆ ನೇರ ಪುಶ್ (ಕೋಡ್ ನೇರ ಹಾಕುವುದು) ಯಾರಿಗೂ ಬೇಡ, ಮರ್ಜ್ ಮಾಡುವ ಅಧಿಕಾರ ಮೇಂಟೇನರ್‌ಗಳಿಗೆ (ಡೆವಲಪರ್‌ಗಿಂತ ಹೆಚ್ಚು ಅಧಿಕಾರ ಇರುವವರಿಗೆ) ಮಾತ್ರ ಅಂತ ಇಡಿ. ಡೆವಲಪರ್‌ಗಳ ಕೆಲಸ ಎಲ್ಲ ಮೇಂಟೇನರ್ ಕಣ್ಣಿಗೆ ಬಿದ್ದೇ ಹೋಗುತ್ತೆ. ಮೇಂಟೇನರ್ ತಮ್ಮದನ್ನು ತಾವೇ ಮರ್ಜ್ ಮಾಡುವುದು ಮಾತ್ರ ಹಾಗೇ ಉಳಿಯುತ್ತೆ.

ರೆಡ್‌ಮೈನ್: ಲೈಸೆನ್ಸಿಗೆ ದುಡ್ಡಿಲ್ಲ, ನೋಡಿಕೊಳ್ಳಲು ಜನ ಬೇಕು

ಮಣಿಪಾಲದವರದ್ದು ಮಿಶ್ರ ಕೆಲಸ. ಪೋಸ್ಟರಿಗೆ ಪುಲ್ ರಿಕ್ವೆಸ್ಟ್ ಇಲ್ಲ, ಸಪೋರ್ಟಿನ ಉತ್ತರಕ್ಕೂ ಇಲ್ಲ. ಅವರಿಗೆ ಬೀಗ ಟಾಸ್ಕಿನ ಮೇಲೆಯೇ ಬೇಕು. ಹಾಗಾಗಿ ಆಯ್ಕೆ ರೆಡ್‌ಮೈನ್ ಮತ್ತು ಜಿರಾ ನಡುವೆ ಬಂತು.

ರೆಡ್‌ಮೈನ್ 2006ರಿಂದ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಅದರ ವರ್ಕ್‌ಫ್ಲೋ ಪುಟ ನನಗೆ ತುಂಬಾ ಇಷ್ಟ. ಒಂದು ರೋಲ್ (ಬಳಸುವವರ ಪಾತ್ರ), ಒಂದು ಟ್ರ್ಯಾಕರ್ (ಟಾಸ್ಕಿನ ಬಗೆ) ಆರಿಸಿದರೆ ದೊಡ್ಡ ಕೋಷ್ಟಕ ತೆರೆದುಕೊಳ್ಳುತ್ತೆ. ಎಡಗಡೆ ಈಗಿನ ಸ್ಟೇಟಸ್, ಮೇಲುಗಡೆ ಹೊಸ ಸ್ಟೇಟಸ್, ಮಧ್ಯದಲ್ಲಿ ಟಿಕ್. ಟಿಕ್ ಇದ್ದರೆ ದಾರಿ ಇದೆ, ಇಲ್ಲದಿದ್ದರೆ ಆ ಹೆಸರು ಪಟ್ಟಿಯಲ್ಲೇ ಕಾಣುವುದಿಲ್ಲ. ‘ರಿವ್ಯೂಗೆ’ ಮತ್ತು ‘ವಾಪಸ್’ ಅಂತ ಎರಡು ಸ್ಟೇಟಸ್ ಸೇರಿಸಿ. ‘ಪಾಸ್ ಮಾಡುವವರು’ ಅಂತ ಹೊಸ ರೋಲ್ ಮಾಡಿ. ಡೆವಲಪರ್ ರೋಲಿಗೆ ‘ರಿವ್ಯೂಗೆ’ ತನಕ ಟಿಕ್ ಕೊಡಿ, ಅಲ್ಲಿಂದ ‘ಕ್ಲೋಸ್ಡ್’ ಕಡೆಗೆ ಕೊಡಬೇಡಿ. ಪಾಸ್ ಮಾಡುವವರಿಗೆ ‘ಕ್ಲೋಸ್ಡ್’ ಮತ್ತು ‘ವಾಪಸ್’ ಎರಡಕ್ಕೂ ಕೊಡಿ.

ಅದೇ ಕಡೆ ಫೀಲ್ಡುಗಳ ಅನುಮತಿ ಅನ್ನುವ ಇನ್ನೊಂದು ಪುಟ ಇದೆ. ಅಲ್ಲಿ, ಟಾಸ್ಕ್ ‘ರಿವ್ಯೂಗೆ’ ಇರುವಾಗ ವಿವರಣೆಯನ್ನು ಡೆವಲಪರ್ ತಿದ್ದದ ಹಾಗೆ ಮಾಡಿ. ಇಲ್ಲದಿದ್ದರೆ ಕೇಳಿದ್ದೇ ಬದಲಾಗಿ, ಮಾಡಿದ್ದು ಸರಿಯೆನಿಸುವ ಅಪಾಯ ಇದೆ. ‘ವಾಪಸ್ ಕಾರಣ’ ಅಂತ ಕಸ್ಟಮ್ ಫೀಲ್ಡ್ ಮಾಡಿ, ‘ವಾಪಸ್’ ಸ್ಟೇಟಸ್‌ನಲ್ಲಿ ಅದನ್ನು ಕಡ್ಡಾಯ ಮಾಡಿ. ಕಾರಣ ಬರೆಯದೆ ಯಾರೂ ವಾಪಸ್ ಕಳಿಸಲು ಆಗುವುದಿಲ್ಲ. ಎರಡನೇ ಸಲ ವಾಪಸ್ ಆದಾಗ ಹಳೇ ಕಾರಣ ಅಲ್ಲೇ ತುಂಬಿರುತ್ತೆ, ಅದನ್ನು ಅಳಿಸಿ ಹೊಸತು ಬರೆಯುವ ಅಭ್ಯಾಸ ಮಾಡಿಸಿ.

ಕೊರತೆ ಎಲ್ಲಿ ಅಂದರೆ, ರೆಡ್‌ಮೈನ್ ನೋಡುವುದು ರೋಲನ್ನು, ವ್ಯಕ್ತಿಯನ್ನಲ್ಲ. ಪಾಸ್ ಮಾಡುವ ರೋಲಿನವರು ತಾವೇ ಒಂದು ಟಾಸ್ಕ್ ಮಾಡಿದರೆ ತಾವೇ ಪಾಸ್ ಮಾಡಬಹುದು. ಬರೆದವರಿಗೆ, ಅಸೈನೀಗೆ ಬೇರೆ ಕೋಷ್ಟಕ ಇದೆ ನಿಜ. ಆದರೆ ಅದು ಹೆಚ್ಚಿನ ದಾರಿ ಕೊಡುತ್ತೆ ಹೊರತು ಇರುವ ದಾರಿ ಮುಚ್ಚುವುದಿಲ್ಲ. ಒಬ್ಬರಿಗೆ ಎರಡು ರೋಲ್ ಇದ್ದರೆ ಎರಡರ ದಾರಿಗಳೂ ಸಿಗುತ್ತವೆ. ಅಡ್ಮಿನ್‌ಗೆ ಎಲ್ಲ ರೋಲಿನ ದಾರಿಯೂ ಸಿಗುತ್ತೆ. ಹಾಗಾಗಿ ಪಾಸ್ ಮಾಡುವವರು ಟಾಸ್ಕ್ ಮಾಡುವುದು ಕಮ್ಮಿ ಇರುವ ಆಫೀಸಿಗೆ ಇದು ಸರಿ ಹೊಂದುತ್ತೆ. ಟೆಸ್ಟಿಂಗ್‌ನವರು ಬೇರೆಯೇ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಸರ್ವರ್. ಬಾಡಿಗೆಗೆ ಸಣ್ಣ ಸರ್ವರ್ ತೆಗೆದುಕೊಳ್ಳಿ. ಆಫೀಸಿನ ಮೂಲೆಯ ಕಂಪ್ಯೂಟರಿನಲ್ಲಿ ಹಾಕಬೇಡಿ. ಜೂನ್, ಜುಲೈಯಲ್ಲಿ ನಮ್ಮ ಕಡೆ ಗಾಳಿಮಳೆಗೆ ಕರೆಂಟ್ ಎಷ್ಟು ಸಲ ಹೋಗುತ್ತೆ ಅಂತ ನಿಮಗೇ ಗೊತ್ತು. ಬ್ಯಾಕಪ್ ತೆಗೆಯುವ, ಅಪ್‌ಡೇಟ್ ಹಾಕುವ ಒಬ್ಬರ ಹೆಸರು ಹೇಳಲು ಆಗದಿದ್ದರೆ ರೆಡ್‌ಮೈನ್ ಬೇಡ.

ಜಿರಾ: ಬೀಗ ಗಟ್ಟಿ, ಕೀಲಿಕೈ ಹಲವು

ಈ ನಾಲ್ಕರಲ್ಲಿ, ಮಾಡಿದವರೇ ಪಾಸ್ ಮಾಡಬಾರದು ಅನ್ನುವುದನ್ನು ಟಾಸ್ಕಿನ ಮೇಲೆಯೇ ಪೂರ್ತಿ ಹೇಳಲು ಬರುವುದು ಜಿರಾದಲ್ಲಿ. ಒಂದು ಸ್ಟೇಟಸ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ಷರತ್ತು ಹಾಕಬಹುದು. ಇಂಥ ಯೂಸರ್ ಫೀಲ್ಡಿನಲ್ಲಿ ಹೆಸರಿರುವವರಿಗೆ ಮಾತ್ರ ಅಂತ ಹೇಳಬಹುದು, ಆಗ ನಾವು ಮಾಡಿದ ರಿವ್ಯೂವರ್ ಫೀಲ್ಡ್ ಕೆಲಸಕ್ಕೆ ಬರುತ್ತೆ. ಸೆಪರೇಶನ್ ಆಫ್ ಡ್ಯೂಟೀಸ್ ಅನ್ನುವ ಷರತ್ತೂ ಉಂಟು: ಮೊದಲು ಇಂಥ ಹಂತ ದಾಟಿಸಿದವರು ಈ ಹಂತ ದಾಟಿಸುವ ಹಾಗಿಲ್ಲ. ಬ್ಯಾಂಕಿನ ಮೇಕರ್-ಚೆಕರ್ ಅಂದರೆ ಇದೇ.

ಆದರೆ ಪ್ರಾಜೆಕ್ಟ್ ಮಾಡುವಾಗಲೇ ಕಂಪನಿ-ಮ್ಯಾನೇಜ್ಡ್ ಅನ್ನುವುದನ್ನು ಆರಿಸಿ. ಟೀಮ್-ಮ್ಯಾನೇಜ್ಡ್ ಪ್ರಾಜೆಕ್ಟ್ ಶುರು ಮಾಡಲು ಸುಲಭ, ನಿಯಮಗಳು ಕಮ್ಮಿ. ಜಿರಾ 10 ಜನರ ತನಕ ಉಚಿತ. ಆ ಪ್ಲಾನಿನಲ್ಲಿ ಪ್ರಾಜೆಕ್ಟಿನ ಪರ್ಮಿಶನ್, ರೋಲ್ ಬದಲಾಯಿಸಲು ಬರುವುದಿಲ್ಲ. ಅಪ್ರೂವಲ್‌ಗೋಸ್ಕರವೇ ಜಿರಾ ತೆಗೆದುಕೊಳ್ಳುವುದಾದರೆ ದುಡ್ಡು ಕೊಡುವ ಪ್ಲಾನ್ ಅಂತಲೇ ಲೆಕ್ಕ ಹಾಕಿ. ಸ್ವಂತ ಸರ್ವರಿನಲ್ಲಿ ಹಾಕುವ ಜಿರಾ ಸರ್ವರ್ ಆವೃತ್ತಿಗೆ 2024ರ ಫೆಬ್ರವರಿ 15ಕ್ಕೆ ಬೆಂಬಲ ನಿಂತಿದೆ. ಹಳೇ ಕಾಪಿ ಕೊಡ್ತೇವೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ.

ಜಿರಾದ ಕಷ್ಟ ಅದರ ಶಕ್ತಿಯಲ್ಲೇ ಇದೆ. ಷರತ್ತು ಹಾಕುವ ಅಧಿಕಾರ ಇರುವವರು ಹಾಕುತ್ತಾ ಹೋಗುತ್ತಾರೆ, ಕೊನೆಗೆ ಒಂದು ಸಣ್ಣ ಟಾಸ್ಕಿಗೆ ಏಳು ಹಂತ. ಮೂರು ಸಾಕು: ಮಾಡ್ತಾ ಇದೆ, ರಿವ್ಯೂ, ಮುಗಿಯಿತು. ‘ಮುಗಿಯಿತು’ ಕಡೆ ಹೋಗುವಾಗ ರೆಸಲ್ಯೂಶನ್ ಫೀಲ್ಡ್ (ಟಾಸ್ಕ್ ಹೇಗೆ ಮುಗಿಯಿತು ಅನ್ನುವುದು) ತುಂಬುವ ಹಾಗೆ, ವಾಪಸ್ ಬಂದಾಗ ಖಾಲಿ ಆಗುವ ಹಾಗೆ ಮಾಡಿ. ಇಲ್ಲದಿದ್ದರೆ ವಾಪಸ್ ಬಂದ ಟಾಸ್ಕ್ ವರದಿಯಲ್ಲಿ ಮುಗಿದದ್ದರ ಸಾಲಿನಲ್ಲೇ ಉಳಿಯುತ್ತೆ.

ಗ್ರಾಹಕರೇ ಪಾಸ್ ಮಾಡಬೇಕಾದ ಕೆಲಸ ಇದ್ದರೆ ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್ ನೋಡಿ. ಅದರಲ್ಲಿ ಅಪ್ರೂವಲ್ ಹಂತ ಸಿದ್ಧವಾಗಿಯೇ ಇದೆ. 3 ಏಜೆಂಟ್ (ಗ್ರಾಹಕರ ಕೋರಿಕೆ ನೋಡಿಕೊಳ್ಳುವವರು) ತನಕ ಉಚಿತ, ಅಪ್ರೂವ್ ಮಾಡುವ ಗ್ರಾಹಕರಿಗೆ ಲೈಸೆನ್ಸ್ ಬೇಡ. ಐಸ್ ಪ್ಲಾಂಟಿನ ಮಾಲೀಕರು ಹೊಸ ದರದ ಸ್ಯಾಂಪಲ್ ಬಿಲ್ ನೋಡಿ ತಾವೇ ಅಪ್ರೂವ್ ಒತ್ತಬಹುದಿತ್ತು. ಅವರಿಗೆ ಪುಡಿ ಐಸಿನ ಸಾಲು ಒಂದೇ ನೋಟಕ್ಕೆ ಕಾಣುತ್ತಿತ್ತು.

10 ಜನರ ಒಳಗೆ ಇದ್ದು, ಕೆಲಸವೂ ಮಿಶ್ರ ಇದ್ದರೆ ಯೂಟ್ರ್ಯಾಕ್ ಅನ್ನುವ ಟಾಸ್ಕ್ ಸಾಫ್ಟ್‌ವೇರ್ ಕೂಡ ನೋಡಿ. 10 ಜನರ ತನಕ ಉಚಿತ. ಅದರ ವರ್ಕ್‌ಫ್ಲೋ ನಿಯಮಗಳನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆಯಬಹುದು. ಅಸೈನೀಯೂ ಈಗ ಬಟನ್ ಒತ್ತುತ್ತಿರುವವರೂ ಒಬ್ಬರೇ ಆದರೆ ಬಿಡಬೇಡ ಅನ್ನುವುದು ಕೆಲವೇ ಸಾಲಿನ ಕೆಲಸ. ಬರೆದವರು ಕೆಲಸ ಬಿಟ್ಟು ಹೋದರೂ ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಕಾಮೆಂಟ್ ಹಾಕಿಸಿ.

ಮಣಿಪಾಲದವರು ಏನು ಆರಿಸಿದರು ಅಂದರೆ, ರೆಡ್‌ಮೈನ್. ಅವರಲ್ಲಿ ಟೆಸ್ಟಿಂಗ್‌ಗೆ ಬೇರೆ ಮೂವರಿದ್ದಾರೆ, ಸರ್ವರ್ ನೋಡಿಕೊಳ್ಳುವವರೂ ಇದ್ದಾರೆ. 25 ಜನರಿಗೆ ತಿಂಗಳು ತಿಂಗಳು ಲೈಸೆನ್ಸ್ ಕಟ್ಟುವ ಅಗತ್ಯ ಕಾಣಲಿಲ್ಲ. ಅವರ ಗ್ರಾಹಕರು ಆಡಿಟ್ ಮಾಡುವ ದೊಡ್ಡ ಸಂಸ್ಥೆಯಾಗಿದ್ದರೆ, ಅಥವಾ ಪಾಸ್ ಮಾಡುವವರೇ ದಿನವಿಡೀ ಟಾಸ್ಕ್ ಮಾಡುವವರಾಗಿದ್ದರೆ, ಜಿರಾ ತಗೊಳ್ಳಿ ಅಂತ ನಾನೇ ಒತ್ತಾಯ ಮಾಡುತ್ತಿದ್ದೆ.

ಯಾವುದನ್ನೇ ಹಾಕಿ, ಮೊದಲ ದಿನವೇ ಒಂದು ಸುಳ್ಳು ಟಾಸ್ಕ್ ಮಾಡಿ. ಅದನ್ನು ನಿಮ್ಮ ಹೆಸರಿಗೆ ಹಾಕಿಕೊಂಡು, ರಿವ್ಯೂಗೆ ಕಳಿಸಿ, ನೀವೇ ಪಾಸ್ ಮಾಡಲು ನೋಡಿ. ಆಮೇಲೆ ಆಫೀಸಿನಲ್ಲಿ ಅಡ್ಮಿನ್ ಆಗಿರುವ ಪ್ರತಿಯೊಬ್ಬರಿಂದಲೂ ಅದನ್ನೇ ಮಾಡಿಸಿ. ಯಾರ ಹೆಸರಿನಲ್ಲಿ ಪಾಸ್ ಆಗುತ್ತೋ ಅದನ್ನು ಬರೆದಿಟ್ಟುಕೊಳ್ಳಿ. ಆ ದಾರಿಗಳನ್ನು ಮುಚ್ಚಲು ಬಂದರೆ ಮುಚ್ಚಿ, ಬಾರದಿದ್ದರೆ ಅವರ ಟಾಸ್ಕುಗಳನ್ನು ಯಾರು ನೋಡಬೇಕು ಅಂತ ಅವತ್ತೇ ಹೆಸರು ಗೊತ್ತು ಮಾಡಿ.